ಅಂಗಾಲಿನ ನರಹುಲಿ: ಹಚ್ಚುವ ಔಷಧಿ ಸೋಲುವುದೆಲ್ಲಿ?

ಪ್ರಶ್ನೆ: ನಾನು ಚಿತ್ರದುರ್ಗದ ಸೀರೆ ಅಂಗಡಿಯೊಂದರಲ್ಲಿ ಮಾರಾಟದ ಕೆಲಸದಲ್ಲಿದ್ದೇನೆ. ವಯಸ್ಸು 36. ಎಂಟು ತಿಂಗಳ ಹಿಂದೆ ಬಲ ಅಂಗಾಲಿನಲ್ಲಿ, ಹೆಬ್ಬೆರಳಿನ ಬುಡದ ಕೆಳಗೆ, ಆಣಿಯಂಥದ್ದು ಎದ್ದಿತು. ಔಷಧಿ ಅಂಗಡಿಯಲ್ಲಿ ಕೊಟ್ಟ ಕಾರ್ನ್ ಪ್ಲಾಸ್ಟರ್ ಅಂಟಿಸಿದೆ. ಸುತ್ತಲಿನ ಚರ್ಮ ಬೆಳ್ಳಗೆ ಬೆಂದಂತಾಗಿ ನೋವು ಬಂತೇ ಹೊರತು ಗಂಟು ಹೋಗಲಿಲ್ಲ. ಆಮೇಲೆ ಅದು ಆಣಿಯಲ್ಲ, ನರಹುಲಿ ಎಂದು ಹೇಳಿ ಸ್ಯಾಲಿಸಿಲಿಕ್ ಆಮ್ಲದ ಸಣ್ಣ ಬಾಟಲಿ ಕೊಟ್ಟರು. ಹದಿನೈದು ದಿನ ಹಚ್ಚಿ ಬೇಸತ್ತು ಬಿಟ್ಟೆ. ಈಗ ಪಕ್ಕದಲ್ಲಿ ಇನ್ನೆರಡು ಎದ್ದಿವೆ. ಬೇರುಸಮೇತ ಕತ್ತರಿಸಿ ತೆಗೆಸಬೇಕೆ? ಈ ವೈರಸ್ಸಿನಿಂದ ಕ್ಯಾನ್ಸರ್ ಬರುತ್ತದೆ ಎಂದು ಓದಿದ್ದು ನಿಜವೆ? ಸಕ್ಕರೆ ಕಾಯಿಲೆ ಇರುವ ನಮ್ಮ ತಂದೆಯವರ ಅಂಗಾಲಿನಲ್ಲೂ ಇಂಥದೇ ಗಂಟಿದೆ. ಉಳಿದ ಔಷಧಿಯನ್ನು ಅವರಿಗೆ ಹಚ್ಚಬಹುದೆ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ: ತಂದೆಯವರಿಗೆ ಆ ಬಾಟಲಿಯಿಂದ ಒಂದು ಹನಿಯನ್ನೂ ಹಚ್ಚಬೇಡಿ. ಕಾರಣವನ್ನು ಮುಂದೆ ವಿವರಿಸುತ್ತೇನೆ. ಆದರೆ ಈ ಬರಹವನ್ನು ಅರ್ಧಕ್ಕೆ ಬಿಟ್ಟವರಿಗೂ ಇದೊಂದು ಮಾತು ತಲುಪಿರಬೇಕು.

ಈಗ ನಿಮ್ಮ ಕಾಲಿಗೆ ಬರೋಣ. ದಾವಣಗೆರೆಯಲ್ಲಿ ನಮ್ಮಲ್ಲಿಗೆ ಬರುವ ಬಹುತೇಕರು ಅಂಗಾಲಿನಲ್ಲಿ ಎದ್ದ ಗಟ್ಟಿ ಗಂಟು ಯಾವುದೇ ಇರಲಿ, ಅದನ್ನು ‘ಆಣಿ’ ಎಂದೇ ಕರೆಯುತ್ತಾರೆ. ಒಂದೇ ಹೆಸರಿನಡಿ ಮೂರು ಬೇರೆ ಬೇರೆ ಸಂಗತಿಗಳು ಸೇರಿಕೊಂಡಿರುವುದೇ ಚಿಕಿತ್ಸೆ ಹಳಿ ತಪ್ಪಲು ಮೊದಲ ಕಾರಣ. ನಿಜವಾದ ಆಣಿ ಎಂದರೆ ಮೂಳೆಗೂ ಚಪ್ಪಲಿಗೂ ನಡುವೆ ಸಿಕ್ಕಿ ಒತ್ತಡ ತಿಂದ ಚರ್ಮ ಒಳಮುಖವಾಗಿ ಮೊಳೆಯಂತೆ ಗಟ್ಟಿಯಾಗುವುದು. ಅದರಲ್ಲಿ ಯಾವ ಸೋಂಕೂ ಇರುವುದಿಲ್ಲ. ಜಡ್ಡು ಎಂದರೆ ಅದೇ ಒತ್ತಡ ಅಗಲವಾಗಿ ಹರಡಿ ಚರ್ಮ ದಪ್ಪಗಾಗುವುದು. ನರಹುಲಿಯಾದರೋ ವೈರಾಣುವಿನಿಂದ ಆದದ್ದು. ಮೈಯ ಭಾರ ಬೀಳುವ ಜಾಗವಾದ್ದರಿಂದ ಕೈಯ ಮೇಲಿನಂತೆ ಹೂಕೋಸಿನ ಹಾಗೆ ಮೇಲಕ್ಕೆ ಅರಳಲಾಗದೆ ಒಳಕ್ಕೆ ಅದುಮಿಕೊಂಡು ಬೆಳೆದಿರುತ್ತದೆ. ಹಾಗಾಗಿ ಮೇಲ್ನೋಟಕ್ಕೆ ಮೂರೂ ಒಂದೇ.

ಅವನ್ನು ಬೇರ್ಪಡಿಸುವ ಪರೀಕ್ಷೆಯನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ರಾತ್ರಿ ಹತ್ತು ನಿಮಿಷ ಕಾಲನ್ನು ಬಿಸಿನೀರಿನಲ್ಲಿಟ್ಟು, ಒರೆಸಿ, ಗಂಟಿನ ಮೇಲಿನ ಸತ್ತ ಪದರವನ್ನು ಉಗುರಿನ ಅರದಿಂದ ಮೆಲ್ಲನೆ ಉಜ್ಜಿ ತೆಗೆದು, ಒಳ್ಳೆಯ ಬೆಳಕಿನಲ್ಲಿ ನೋಡಿ. ಅಂಗಾಲಿನ ಚರ್ಮದ ಮೇಲೆ ಬೆರಳಚ್ಚಿನಂಥ ಸಣ್ಣ ಗೆರೆಗಳಿರುತ್ತವೆ. ಆಣಿ ಮತ್ತು ಜಡ್ಡಿನಲ್ಲಿ ಆ ಗೆರೆಗಳು ಗಂಟಿನ ಮೇಲೂ ಹಾದು ಹೋಗಿರುತ್ತವೆ. ನರಹುಲಿಯಲ್ಲಿ ಗೆರೆಗಳು ಅಂಚಿಗೆ ಬಂದು ನಿಂತು, ಹಳ್ಳದ ಕಲ್ಲನ್ನು ಸುತ್ತಿಕೊಂಡು ಹೋಗುವ ನೀರಿನಂತೆ ಪಕ್ಕಕ್ಕೆ ಸರಿದಿರುತ್ತವೆ. ಉಜ್ಜಿದ ಮೇಲೆ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆಗಳು ಕಂಡರೆ, ಅಥವಾ ಸೂಜಿಮೊನೆಯಷ್ಟು ರಕ್ತ ಅಲ್ಲಲ್ಲಿ ಜಿನುಗಿದರೆ ಅದು ನರಹುಲಿ ಎಂಬುದು ಬಹುಮಟ್ಟಿಗೆ ಖಚಿತ. ಆ ಚುಕ್ಕೆಗಳು ಹೆಪ್ಪುಗಟ್ಟಿದ ಸೂಕ್ಷ್ಮ ರಕ್ತನಾಳಗಳ ತುದಿಗಳು. ಹೊಲದಲ್ಲಿ ನಡೆದಾಡುವ ಚಳ್ಳಕೆರೆ, ಜಗಳೂರು ಕಡೆಯವರು ಅವನ್ನು ಮುರಿದುಳಿದ ಜಾಲಿಮುಳ್ಳಿನ ತುದಿಯೆಂದು ತಿಳಿದು ಪಿನ್ನಿನಿಂದ ವಾರಗಟ್ಟಲೆ ಕೆದಕಿ, ಕೀವು ತುಂಬಿಸಿಕೊಂಡು ಬರುವುದನ್ನು ಆಗಾಗ ಕಾಣುತ್ತೇನೆ. ಇನ್ನೊಂದು ಗುರುತೂ ಇದೆ: ಆಣಿ ನೇರವಾಗಿ ಮೇಲಿನಿಂದ ಒತ್ತಿದಾಗ ಹೆಚ್ಚು ನೋಯುತ್ತದೆ, ನರಹುಲಿ ಎರಡೂ ಬದಿಯಿಂದ ಹಿಂಡಿದಾಗ. ಒಂದಿದ್ದದ್ದು ಮೂರಾಗಿದೆ ಎಂದು ನೀವು ಬರೆದಿರುವುದು ಕೂಡ ನರಹುಲಿಯ ಕಡೆಗೇ ಬೆರಳು ತೋರಿಸುತ್ತದೆ.

ಕ್ಯಾನ್ಸರಿನ ಹೆದರಿಕೆಯನ್ನು ಇಲ್ಲೇ ಬದಿಗಿಡಬಹುದು. ನರಹುಲಿಗೆ ಕಾರಣ ಹ್ಯೂಮನ್ ಪ್ಯಾಪಿಲೋಮಾ ವೈರಾಣು ಎಂಬುದು ನಿಜ. ಆದರೆ ಅದು ಒಂದು ವೈರಾಣುವಿನ ಹೆಸರಲ್ಲ, ನೂರಕ್ಕೂ ಹೆಚ್ಚು ಬಗೆಗಳಿರುವ ದೊಡ್ಡ ಕುಟುಂಬದ ಹೆಸರು. ಗರ್ಭಕಂಠದ ಕ್ಯಾನ್ಸರಿಗೆ ಮುಖ್ಯ ಕಾರಣವಾದವು 16 ಮತ್ತು 18ನೇ ಬಗೆಗಳು. ಅಂಗಾಲಿನಲ್ಲಿ ನರಹುಲಿ ಎಬ್ಬಿಸುವವು ಸಾಮಾನ್ಯವಾಗಿ 1, 2, 4, 27 ಮತ್ತು 57ನೇ ಬಗೆಗಳು. ಮನೆತನದ ಹೆಸರು ಒಂದೇ ಆದ ಮಾತ್ರಕ್ಕೆ ಎಲ್ಲರ ಕಸುಬೂ ಒಂದೇ ಆಗಬೇಕಿಲ್ಲವಲ್ಲ.

‘ಬೇರು’ ಎಂಬ ನಂಬಿಕೆಯನ್ನು ಮಾತ್ರ ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ಚಿಕಿತ್ಸೆಯ ಕ್ರಮವೆಲ್ಲ ಅದನ್ನು ಅವಲಂಬಿಸಿದೆ. ನರಹುಲಿಗೆ ಬೇರಿಲ್ಲ. ಅದು ಇಡಿಯಾಗಿ ಮೇಲ್ಚರ್ಮದೊಳಗೇ ಇರುತ್ತದೆ. ಕೆಳಗಿನ ಒಳಚರ್ಮವನ್ನು ಪಕ್ಕಕ್ಕೆ ತಳ್ಳಿರುತ್ತದೆಯೇ ಹೊರತು ಅದರೊಳಗೆ ಇಳಿದಿರುವುದಿಲ್ಲ. ಅಂಗಾಲಿನ ಮೇಲ್ಚರ್ಮ ಮೈಯಲ್ಲೇ ಅತಿ ದಪ್ಪನೆಯದು, ಸುಮಾರು ಒಂದೂವರೆ ಮಿಲಿಮೀಟರ್. ವೈರಾಣು ಸಣ್ಣ ಬಿರುಕಿನ ಮೂಲಕ ಒಳಹೊಕ್ಕು ಆ ಪದರದ ತಳದಲ್ಲಿರುವ ಜೀವಕೋಶಗಳಲ್ಲಿ ಮನೆ ಮಾಡುತ್ತದೆ. ಅಲ್ಲಿ ಹುಟ್ಟಿದ ಕೋಶಗಳು ಮೇಲಕ್ಕೆ ಬಂದು ಸತ್ತು ಗಟ್ಟಿ ಕೆರಟಿನ್ ಆಗಿ ಮುಚ್ಚಳದಂತೆ ಕೂರುತ್ತವೆ. ರಕ್ತಕ್ಕೆ ಅದು ಇಳಿಯುವುದೇ ಇಲ್ಲವಾದ್ದರಿಂದ ದೇಹದ ರಕ್ಷಣಾ ವ್ಯವಸ್ಥೆಗೆ ತಿಂಗಳುಗಟ್ಟಲೆ ಅದರ ಸುಳಿವೇ ಸಿಗದಿರಬಹುದು. ಹೀಗಿರುವಾಗ ಕತ್ತರಿಸಿ ತೆಗೆದರೆ ಆಗುವುದೇನು? ಅಂಚಿನಲ್ಲಿ ಉಳಿದ ವೈರಾಣುವಿನಿಂದ ಅದು ಮತ್ತೆ ಏಳಬಹುದು. ಅದಕ್ಕಿಂತ ಕೆಟ್ಟದ್ದು, ಹೆಜ್ಜೆಯಿಟ್ಟಾಗಲೆಲ್ಲ ನೋಯುವ ಗಾಯದ ಕಲೆ ಅಂಗಾಲಿನಲ್ಲಿ ಜೀವನಪರ್ಯಂತ ಉಳಿಯಬಹುದು. ದಿನಕ್ಕೆ ಹತ್ತು ಗಂಟೆ ನಿಂತು ಕೆಲಸ ಮಾಡುವ ನಿಮಗೆ ಅದನ್ನು ನಾನು ಸಲಹೆ ಮಾಡುವುದಿಲ್ಲ.

ಇನ್ನು ಸ್ಯಾಲಿಸಿಲಿಕ್ ಆಮ್ಲ. ಅದು ವೈರಾಣುವನ್ನು ಕೊಲ್ಲುವುದಿಲ್ಲ ಎಂಬುದನ್ನು ಬಾಟಲಿ ಕೊಡುವವರು ಹೇಳುವುದಿಲ್ಲ, ಕೊಂಡವರು ಕೇಳುವುದಿಲ್ಲ. ಸತ್ತ ಕೋಶಗಳನ್ನು ಒಂದಕ್ಕೊಂದು ಅಂಟಿಸಿರುವ ಬೆಸುಗೆಯನ್ನು ಅದು ಸಡಿಲಿಸುತ್ತದೆ, ಮುಚ್ಚಳವನ್ನು ಪದರ ಪದರವಾಗಿ ಕಳಚುತ್ತದೆ, ಕೆಳಗೆ ಸಣ್ಣ ಪ್ರಮಾಣದ ಉರಿಯೂತ ಎಬ್ಬಿಸುತ್ತದೆ. ಆ ಉರಿಯೂತವೇ ದೇಹದ ರಕ್ಷಣಾ ವ್ಯವಸ್ಥೆಯನ್ನು ಅಲ್ಲಿಗೆ ಕರೆತರುತ್ತದೆ. ನಿಜವಾದ ಕೆಲಸ ಮಾಡುವುದು ಅದು. ಇದಕ್ಕೆ ಹದಿನೈದು ದಿನ ಸಾಲದು, ಹನ್ನೆರಡು ವಾರ ಬೇಕು. ನೀವು ಔಷಧಿಯನ್ನು ಬಿಟ್ಟದ್ದು ಮುಚ್ಚಳ ಸಡಿಲಾಗಲು ತೊಡಗುವ ಹೊತ್ತಿಗೆ.

ಕಾರ್ನ್ ಪ್ಲಾಸ್ಟರಿನಲ್ಲಿ ಇರುವುದೂ ಇದೇ ಆಮ್ಲ; ಸಾಮಾನ್ಯವಾಗಿ ಶೇ. 40ರಷ್ಟು ತೀಕ್ಷ್ಣವಾದದ್ದು. ಅದನ್ನು ನರಹುಲಿಗೂ ಬಳಸಬಹುದು, ತಪ್ಪಿಲ್ಲ. ಆದರೆ ಗಂಟಿನ ಅಳತೆಗೆ ಸರಿಯಾಗಿ ಕತ್ತರಿಸಿ, ಕದಲದಂತೆ ಮೇಲೆ ಟೇಪು ಹಾಕಬೇಕು. ಬೆವರಿದ ಕಾಲಿನಲ್ಲಿ ಪ್ಲಾಸ್ಟರ್ ಅರ್ಧ ಅಂಗುಲ ಜಾರಿದರೂ ಸಾಕು, ಆಮ್ಲ ಬೀಳುವುದು ಒಳ್ಳೆಯ ಚರ್ಮದ ಮೇಲೆ. ನಿಮ್ಮ ಕಾಲು ಬೆಳ್ಳಗೆ ಬೆಂದದ್ದು ಹೀಗೆಯೇ ಇರಬೇಕು. ನಿಮಗೆ ಕೊಟ್ಟ ಬಾಟಲಿಯಲ್ಲಿ ಬಹುಶಃ ಕೊಲೋಡಿಯನ್ ಎಂಬ ಅಂಟುದ್ರವದಲ್ಲಿ ಕರಗಿಸಿದ ಶೇ. 16.7ರಷ್ಟು ಸ್ಯಾಲಿಸಿಲಿಕ್ ಆಮ್ಲ ಮತ್ತು ಅಷ್ಟೇ ಪ್ರಮಾಣದ ಲ್ಯಾಕ್ಟಿಕ್ ಆಮ್ಲ ಇರುತ್ತದೆ, ಚೀಟಿಯಲ್ಲಿ ನೋಡಿಕೊಳ್ಳಿ. ಮನೆಯಲ್ಲಿ ಹಚ್ಚಿಕೊಳ್ಳಲು ಅದು ಒಳ್ಳೆಯ ಔಷಧಿ. ಬಾಟಲಿ ಹಳತಾಗಿ ಒಳಗಿನದು ಜೇನಿನಂತೆ ಮಂದವಾಗಿದ್ದರೆ ಮಾತ್ರ ಹೊಸತು ಕೊಳ್ಳಿ.

ಹಚ್ಚುವ ಕ್ರಮವನ್ನು ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ನನ್ನ ಅನುಭವದಲ್ಲಿ ಈ ಔಷಧಿ ಸೋಲುವುದು ಹೆಚ್ಚಾಗಿ ಹಚ್ಚುವ ರೀತಿಯಲ್ಲಿ. ಬೆಂದ ಚರ್ಮ ಪೂರ್ತಿ ಮಾಗಿದ ಮೇಲೆ ಪ್ರಾರಂಭಿಸಿ. ರಾತ್ರಿ ಊಟ ಮುಗಿದು, ಇನ್ನು ಓಡಾಟವಿಲ್ಲ ಎನ್ನುವ ಹೊತ್ತಿಗೆ ಕಾಲನ್ನು ಐದರಿಂದ ಹತ್ತು ನಿಮಿಷ ಬಿಸಿನೀರಿನಲ್ಲಿಡಿ. ಒರೆಸಿದ ಮೇಲೆ ಹಿಂದಿನ ರಾತ್ರಿಯ ಬಿಳಿ ಪೊರೆಯನ್ನು ಎಬ್ಬಿಸಿ ಕಿತ್ತುಹಾಕಿ, ಮೆತ್ತಗಾದ ಸತ್ತ ಚರ್ಮವನ್ನು ಅರದಿಂದ ಉಜ್ಜಿ. ರಕ್ತ ಬರುವಷ್ಟು ಉಜ್ಜಬಾರದು. ಆದರೆ ಉಜ್ಜದೆ ಹಚ್ಚಲೂಬಾರದು. ಮುಚ್ಚಳದ ಮೇಲೆಯೇ ದಿನವೂ ಔಷಧಿ ಹಾಕುತ್ತ ಹೋಗುವುದು ಮುಚ್ಚಿದ ಬಾಗಿಲ ಮುಂದೆ ನಿಂತು ಒಳಗಿನವರಿಗೆ ಊಟ ಬಡಿಸಿದ ಹಾಗೆ. ಆಮೇಲೆ ಸುತ್ತಲಿನ ಒಳ್ಳೆಯ ಚರ್ಮಕ್ಕೆ ಪೆಟ್ರೋಲಿಯಂ ಜೆಲ್ಲಿಯನ್ನು ಉಂಗುರದಂತೆ ಬಳಿಯಿರಿ. ಬಾಟಲಿಯ ಕುಂಚ ದೊಡ್ಡದಿದ್ದರೆ ಬೆಂಕಿಕಡ್ಡಿಯ ಹಿಂತುದಿಯಿಂದ ಒಂದೇ ಹನಿಯನ್ನು ಗಂಟಿನ ಮೇಲಿಟ್ಟು, ಅದು ಒಣಗಿ ಬಿಳಿಯ ಪೊರೆಯಾದ ಮೇಲೆ ಇನ್ನೊಂದು ಹನಿ ಇಡಿ. ಪೂರ್ತಿ ಒಣಗಿದ ಬಳಿಕ ಮೇಲೊಂದು ಟೇಪು ಅಂಟಿಸಿ ಮಲಗಿ. ಗಾಳಿಯಾಡದಂತೆ ಮುಚ್ಚಿದರೆ ಔಷಧಿ ಹೆಚ್ಚು ಆಳಕ್ಕೆ ಇಳಿಯುತ್ತದೆ. ಕೊಲೋಡಿಯನ್ ಪೆಟ್ರೋಲಿನಂತೆ ಹೊತ್ತಿಕೊಳ್ಳುವ ದ್ರವ. ದೇವರ ದೀಪದ ಬಳಿ, ಒಲೆಯ ಬಳಿ ಕುಳಿತು ಹಚ್ಚಬೇಡಿ.

ಎರಡನೆಯ ವಾರದ ಹೊತ್ತಿಗೆ ಜಾಗ ಕೆಂಪಾಗಿ ನೋಯತೊಡಗಬಹುದು. ಆಗ ಮೂರು ನಾಲ್ಕು ದಿನ ನಿಲ್ಲಿಸಿ, ನೋವು ಇಳಿದ ಮೇಲೆ ಮುಂದುವರಿಸಿ. ಬಹಳ ಮಂದಿ ಈ ಬಿಡುವನ್ನೇ ಚಿಕಿತ್ಸೆಯ ಕೊನೆ ಮಾಡಿಕೊಳ್ಳುತ್ತಾರೆ. ಎಲ್ಲಿಯವರೆಗೆ ಹಚ್ಚಬೇಕು ಎಂಬುದಕ್ಕೆ ಅಳತೆಗೋಲು ನೋವಲ್ಲ, ಆ ಗೆರೆಗಳು. ಕಪ್ಪು ಚುಕ್ಕೆಗಳು ಮಾಯವಾಗಿ, ಚರ್ಮದ ಗೆರೆಗಳು ಗಂಟಿದ್ದ ಜಾಗದ ಮೇಲೆ ಮತ್ತೆ ನಿರಾತಂಕವಾಗಿ ಹಾದುಹೋದ ದಿನ ನಿಲ್ಲಿಸಿ. ವಾರಕ್ಕೊಮ್ಮೆ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಂಡರೆ, ದಿನದಿನಕ್ಕೆ ಕಾಣದ ಬದಲಾವಣೆ ತಿಂಗಳಿಗೆ ಕಾಣುತ್ತದೆ.

ಉಜ್ಜಲು ಬಳಸುವ ಅರವನ್ನು ಬೇರೆ ಯಾವುದಕ್ಕೂ ಬಳಸಬೇಡಿ, ಮುಗಿದ ಮೇಲೆ ಎಸೆಯಿರಿ. ನಮ್ಮ ಬಚ್ಚಲುಮನೆಗಳಲ್ಲಿ ಹಿಮ್ಮಡಿ ಉಜ್ಜುವ ಕಲ್ಲೊಂದು ಇದ್ದೇ ಇರುತ್ತದೆ. ಇಡೀ ಮನೆಗೆ ಒಂದೇ ಕಲ್ಲು. ಒಬ್ಬರ ನರಹುಲಿಯಿಂದ ಉದುರಿದ ಪುಡಿ ಇನ್ನೊಬ್ಬರ ಬಿರುಕುಬಿಟ್ಟ ಹಿಮ್ಮಡಿಗೆ ತಲುಪಲು ಇದಕ್ಕಿಂತ ಸಲೀಸಾದ ದಾರಿ ಇನ್ನೊಂದಿಲ್ಲ. ವೈರಾಣು ನೆನೆದು ಮೆತ್ತಗಾದ ಚರ್ಮವನ್ನು ಸುಲಭವಾಗಿ ಹೊಗುತ್ತದೆ. ದಾವಣಗೆರೆಯಲ್ಲಿ ವಿದ್ಯಾರ್ಥಿ ನಿಲಯಗಳ ಹುಡುಗರಲ್ಲಿ ಹೀಗೆ ಬಂದದ್ದನ್ನು ಹೆಚ್ಚಾಗಿ ಕಾಣುತ್ತೇವೆ, ಏಕೆಂದರೆ ಇಪ್ಪತ್ತು ಜನ ಬರಿಗಾಲಿನಲ್ಲಿ ಒಂದೇ ಒದ್ದೆ ನೆಲವನ್ನು ತುಳಿಯುತ್ತಾರೆ. ಭದ್ರಾ ನಾಲೆಯ ಬಯಲಿನಲ್ಲಿ ಕೆಸರುಗದ್ದೆಯಲ್ಲಿ ಗಂಟೆಗಟ್ಟಲೆ ನಿಂತು ನಾಟಿ ಮಾಡುವವರ ಕಾಲುಗಳೂ ಹಾಗೇ ನೆನೆದಿರುತ್ತವೆ. ನಿಮ್ಮ ಸೀರೆ ಅಂಗಡಿಯಲ್ಲಿ ಗಾದಿಯ ಮೇಲೆ ಎಲ್ಲರೂ ಬರಿಗಾಲಿನಲ್ಲಿ ಓಡಾಡುವುದು ರೂಢಿ. ಸದ್ಯಕ್ಕೆ ಹಗಲು ಗಂಟಿನ ಮೇಲೆ ಟೇಪು ಹಾಕಿ, ಹತ್ತಿಯ ಕಾಲುಚೀಲ ಧರಿಸಿ. ಮಾಲೀಕರು ಆಕ್ಷೇಪಿಸಿದರೆ ಈ ಬರಹವನ್ನು ತೋರಿಸಿ.

ಇಷ್ಟು ಮಾಡಿದರೆ ಹೋಗುತ್ತದೆಯೇ ಎಂದು ನೀವು ಕೇಳುವುದು ನ್ಯಾಯ. ಖಾತರಿ ಕೊಡಲಾರೆ. 2011ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ ಅಂಗಾಲಿನ ನರಹುಲಿ ಇದ್ದ 240 ಮಂದಿಯಲ್ಲಿ ಅರ್ಧ ಜನಕ್ಕೆ ಶೇ. 50ರ ಸ್ಯಾಲಿಸಿಲಿಕ್ ಆಮ್ಲವನ್ನು ಮನೆಯಲ್ಲಿ ಹಚ್ಚಲು ಕೊಟ್ಟರು, ಇನ್ನರ್ಧ ಜನಕ್ಕೆ ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸುವ ಚಿಕಿತ್ಸೆ ಮಾಡಿದರು. ಹನ್ನೆರಡು ವಾರಗಳ ಕೊನೆಗೆ ಪೂರ್ತಿ ಗುಣವಾದವರು ಎರಡೂ ಗುಂಪಿನಲ್ಲಿ ಶೇ. 14 ಮಾತ್ರ. ಆರು ತಿಂಗಳಿಗೆ ತಮ್ಮದು ಹೋಗಿದೆ ಎಂದವರು ಎರಡೂ ಕಡೆ ಮೂರನೆಯ ಒಂದು ಭಾಗದ ಆಸುಪಾಸು. 2010ರ ನೆದರ್‌ಲೆಂಡ್ಸ್ ಅಧ್ಯಯನದಲ್ಲಿ ಅಂಗಾಲಿನ ನರಹುಲಿಗೆ ಹದಿಮೂರು ವಾರದಲ್ಲಿ ಹೆಪ್ಪುಗಟ್ಟಿಸಿದವರಲ್ಲಿ ಶೇ. 30, ಆಮ್ಲ ಹಚ್ಚಿದವರಲ್ಲಿ ಶೇ. 33, ಏನೂ ಮಾಡದೆ ಕಾದವರಲ್ಲಿ ಶೇ. 23ರಷ್ಟು ಮಂದಿಗೆ ಗುಣವಾಗಿತ್ತು. ಈ ಅಂಕಿಗಳನ್ನು ನೋಡಿ ನಿರಾಶರಾಗುವುದು ಸಹಜ. ನಾನು ಅವುಗಳಿಂದ ತೆಗೆದುಕೊಳ್ಳುವ ತೀರ್ಮಾನ ಬೇರೆ. ನೋವು ಕೊಡುವ, ಮತ್ತೆ ಮತ್ತೆ ಆಸ್ಪತ್ರೆಗೆ ಬರಬೇಕಾದ, ದುಬಾರಿಯಾದ ಚಿಕಿತ್ಸೆಯು ಅಂಗಾಲಿನ ಮಟ್ಟಿಗೆ ಅಗ್ಗದ ಬಾಟಲಿಗಿಂತ ಮೇಲು ಎಂದು ಸಾಬೀತಾಗಿಲ್ಲವಾದರೆ, ಬಾಟಲಿಯಿಂದಲೇ ಶುರುಮಾಡುವುದು ವಿವೇಕ. ಗುಣವಾಗದಿದ್ದರೆ ಮುಂದಿನ ದಾರಿ ತೆರೆದೇ ಇರುತ್ತದೆ.

ಏನೂ ಮಾಡದೆ ಕಾದವರಲ್ಲೂ ಕೆಲವರಿಗೆ ಗುಣವಾಯಿತಲ್ಲ, ಅದನ್ನು ಗಮನಿಸಿ. ಮಕ್ಕಳ ನರಹುಲಿಗಳಲ್ಲಿ ಮೂರನೆಯ ಎರಡು ಭಾಗ ಎರಡು ವರ್ಷದೊಳಗೆ ತಾವೇ ಹೋಗುತ್ತವೆ. ಹರಕೆ ಹೊತ್ತವರಿಗೂ ಕುದುರೆಕೂದಲು ಕಟ್ಟಿದವರಿಗೂ ಹೆಸರು ಬಂದದ್ದು ಹೀಗೆ. ಹರಕೆಯಿಂದ ಕೆಡುಕಿಲ್ಲ. ಸುಣ್ಣಕ್ಕೆ ಬಟ್ಟೆಸೋಡಾ ಕಲಸಿ ಹಚ್ಚುವುದು ಮಾತ್ರ ಹಾಗಲ್ಲ. ಅದು ಕ್ಷಾರ, ಆಮ್ಲಕ್ಕಿಂತ ಆಳಕ್ಕೆ ಸುಡುತ್ತದೆ, ಎಲ್ಲಿ ನಿಲ್ಲಬೇಕೆಂಬುದು ಅದಕ್ಕೆ ಗೊತ್ತಿಲ್ಲ. ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ಒಬ್ಬರು ಹೀಗೆ ಹಚ್ಚಿಕೊಂಡು ಬಂದಾಗ ನರಹುಲಿಯ ಜಾಗದಲ್ಲಿ ಎಂಟಾಣೆಯಗಲದ ಕುಳಿ ಇತ್ತು, ಅದರ ಅಂಚಿನಲ್ಲಿ ನರಹುಲಿ ಇನ್ನೂ ಇತ್ತು. ಎಕ್ಕದ ಹಾಲಿನದೂ ಗೇರಿನೆಣ್ಣೆಯದೂ ಬಹುತೇಕ ಇದೇ ಕಥೆ. ಎಕ್ಕದ ಹಾಲು ತಾಗಿದ ಬೆರಳು ಕಣ್ಣಿಗೆ ಹೋದರೆ ಕಣ್ಣಿಗೂ ಅಪಾಯ.

ಅಂಗಡಿಗಳಲ್ಲಿ ಕೇಳಿದೊಡನೆ ಸಿಗುವ ಸ್ಟೀರಾಯ್ಡ್ ಬೆರೆತ ತುರಿಕೆ ಮುಲಾಮುಗಳ ಬಗ್ಗೆಯೂ ಒಂದು ಮಾತು. ಅವು ಉರಿಯೂತವನ್ನು ಅಡಗಿಸುತ್ತವೆ, ನಮಗೆ ಇಲ್ಲಿ ಬೇಕಾದದ್ದೇ ಉರಿಯೂತ. ಹಚ್ಚಿದರೆ ನೋವು ಇಳಿದಂತೆ ತೋರುತ್ತದೆ, ನರಹುಲಿ ನೆಮ್ಮದಿಯಾಗಿ ಹರಡುತ್ತದೆ.

ಹನ್ನೆರಡು ವಾರ ಮೇಲಿನ ಕ್ರಮ ಅನುಸರಿಸಿಯೂ ಗುಣ ಕಾಣದಿದ್ದರೆ ಚರ್ಮವೈದ್ಯರ ಬಳಿ ಹೋಗಿ. ಅವರಲ್ಲಿ ಹಚ್ಚುವ ಔಷಧಿಗಳೇ ಇನ್ನೂ ಹಲವಿವೆ: ಸ್ಯಾಲಿಸಿಲಿಕ್ ಆಮ್ಲದ ಜೊತೆ ಶೇ. 5ರ ಫ್ಲೂರೋಯುರಾಸಿಲ್, ಟೇಪಿನ ಕೆಳಗೆ ಹಚ್ಚುವ ಅಡಾಪಲೀನ್, ವೈದ್ಯರೇ ತಮ್ಮ ಕೈಯಿಂದ ಹಚ್ಚಬೇಕಾದ ಟ್ರೈಕ್ಲೋರೋಅಸಿಟಿಕ್ ಆಮ್ಲ ಮತ್ತು ಬೊಕ್ಕೆ ಎಬ್ಬಿಸುವ ಕ್ಯಾಂಥರಿಡಿನ್. ಗರ್ಭಿಣಿಯರಿಗೆ ಫ್ಲೂರೋಯುರಾಸಿಲ್ ಆಗಲಿ, ನರಹುಲಿಗೆ ಹಚ್ಚುವ ಇನ್ನೊಂದು ಔಷಧಿಯಾದ ಪೊಡೊಫಿಲಿನ್ ಆಗಲಿ ಸಲ್ಲದು. ಗಂಟಿನೊಳಗೆ ಚುಚ್ಚುಮದ್ದು ಕೊಟ್ಟು ರಕ್ಷಣಾ ವ್ಯವಸ್ಥೆಯನ್ನು ಎಚ್ಚರಿಸುವ ಕ್ರಮವೂ ನಮ್ಮಲ್ಲಿ ಬಳಕೆಯಲ್ಲಿದೆ; ಒಂದಕ್ಕೆ ಚುಚ್ಚಿದರೆ ಉಳಿದವೂ ಉದುರುವುದುಂಟು. ಅವಸರವಾಗಿ ತೋರಿಸಬೇಕಾದ ಸಂದರ್ಭಗಳು ಬೇರೆ: ಚುಕ್ಕೆಯಲ್ಲದ, ಹರಡುತ್ತಿರುವ ಕಪ್ಪು ಅಥವಾ ಕಂದು ಕಲೆ ಕಂಡರೆ, ಹುಣ್ಣಾಗಿ ಮಾಯದಿದ್ದರೆ, ತಾನಾಗಿ ರಕ್ತ ಒಸರಿದರೆ, ನಡುವಯಸ್ಸು ದಾಟಿದವರಲ್ಲಿ ಒಂದೇ ಗಂಟು ಬಿಡದೆ ಬೆಳೆಯುತ್ತಿದ್ದರೆ ಹಚ್ಚುವ ಔಷಧಿಯನ್ನು ನಿಲ್ಲಿಸಬೇಕು. ಅಂಗಾಲಿನ ಕ್ಯಾನ್ಸರುಗಳು ಅಪರೂಪ, ಆದರೆ ಅವುಗಳಲ್ಲಿ ಕೆಲವು ನರಹುಲಿಯ ವೇಷದಲ್ಲೇ ವರ್ಷಗಟ್ಟಲೆ ಕುಳಿತಿರುತ್ತವೆ.

ಕೊನೆಗೆ ನಿಮ್ಮ ತಂದೆಯವರು. ಸಕ್ಕರೆ ಕಾಯಿಲೆ ವರ್ಷಗಟ್ಟಲೆ ಇದ್ದವರ ಪಾದದ ನರಗಳು ಸದ್ದಿಲ್ಲದೆ ಸ್ಪರ್ಶ ಕಳೆದುಕೊಂಡಿರುತ್ತವೆ, ರಕ್ತದ ಹರಿವೂ ಕುಗ್ಗಿರಬಹುದು. ಕಾರ್ನ್ ಪ್ಲಾಸ್ಟರ್ ಒಳ್ಳೆಯ ಚರ್ಮವನ್ನು ಸುಟ್ಟಾಗ ನಿಮಗೆ ನೋವಾಯಿತು, ಕಿತ್ತು ಹಾಕಿದಿರಿ. ಅವರಿಗೆ ಆ ನೋವೇ ಗೊತ್ತಾಗದೆ ಹೋಗಬಹುದು. ಆಮ್ಲ ಸುಡುತ್ತಲೇ ಇರುತ್ತದೆ, ಹುಣ್ಣಾಗುತ್ತದೆ, ಆ ಹುಣ್ಣು ಮಾಯುವುದಿಲ್ಲ. ಬೆರಳು ಕಳೆದುಕೊಳ್ಳುವ ದಾರಿ ಹಲವು ಬಾರಿ ಇಷ್ಟು ಚಿಕ್ಕದರಿಂದಲೇ ಪ್ರಾರಂಭವಾಗುತ್ತದೆ. ಅವರ ಗಂಟು ನರಹುಲಿಯೇ ಆಗಿರಬೇಕೆಂದೂ ಇಲ್ಲ. ಸ್ಪರ್ಶವಿಲ್ಲದ ಕಾಲಿನಲ್ಲಿ ಒತ್ತಡದಿಂದ ಎದ್ದ ಜಡ್ಡಿನ ಕೆಳಗೆ ಹುಣ್ಣು ಅಡಗಿರುವುದು ಸಾಮಾನ್ಯ. ಅದನ್ನು ಮನೆಯಲ್ಲಿ ಬ್ಲೇಡಿನಿಂದ ಕೆರೆಯುವುದೂ ಬೇಡ. ವೈದ್ಯರು 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯೊಂದನ್ನು ಅಂಗಾಲಿಗೆ ಒತ್ತಿ, ಕಣ್ಣು ಮುಚ್ಚಿ ಕುಳಿತವರಿಗೆ ಅದು ತಿಳಿಯುತ್ತದೆಯೇ ಎಂದು ನೋಡುತ್ತಾರೆ; ಐದು ನಿಮಿಷದ ಕೆಲಸ. ಅವರನ್ನು ಈ ವಾರವೇ ಕರೆದುಕೊಂಡು ಹೋಗಿ. ಹೋಗುವಾಗ ಹೊಸ ಚಪ್ಪಲಿ ಹಾಕಿಸಬೇಡಿ, ದಿನವೂ ಮೆಟ್ಟುವ ಹಳೆಯದನ್ನೇ ಹಾಕಿಸಿ. ಅದರ ಅಟ್ಟೆ ಎಲ್ಲಿ ಸವೆದಿದೆ ಎಂದು ನೋಡಿದರೆ, ಗಂಟು ಅಲ್ಲೇ ಏಕೆ ಎದ್ದಿತು ಎಂಬುದು ವೈದ್ಯರಿಗೆ ಅರ್ಧ ತಿಳಿದುಬಿಡುತ್ತದೆ.